ಮತ, ಹಣ, ಮದ್ದು: ಕತೆ ಹೇಳಿ ಒಪ್ಪಿಸುವುದು ತಕ್ಕದ್ದೇ?

ಮತ ಕೇಳುವ ಪಕ್ಷ, ಸರಕು ಮಾರುವ ಕಂಪನಿ, ಓದುಗರನ್ನು ಹಿಡಿದಿಡಬೇಕಾದ ಪತ್ರಿಕೆ, ಯೋಜನೆ ತಲುಪಿಸಬೇಕಾದ ಇಲಾಖೆ, ಎಲ್ಲರೂ ಈಗ ಯಾರೋ ಒಬ್ಬರ ಕತೆಯಿಂದಲೇ ಮಾತು ಶುರು ಮಾಡುತ್ತಾರೆ. ಇದು ಸರಿಯೇ ಎಂಬುದು ಪ್ರಶ್ನೆ. ಬಾನುಲಿ ಮತ್ತು ಪ್ರಚಾರದ ಬರವಣಿಗೆ ಬಲ್ಲವರೊಬ್ಬರು ಹೌದು ಎನ್ನುತ್ತಾರೆ. ಸುದ್ದಿಮನೆಯಲ್ಲಿ ಕುಳಿತು ಬಂದದ್ದನ್ನು ತಿದ್ದುವವರೊಬ್ಬರು ಒಪ್ಪುವುದಿಲ್ಲ.

ಪರ: ಕತೆ ಬಿಟ್ಟ ಜಾಗ ಖಾಲಿ ಉಳಿಯದು

ವಾದ ಬೇರೆ, ಕತೆ ಬೇರೆ ಎಂಬ ತಿಳಿವಳಿಕೆ ನಮ್ಮ ಭಾಗದ್ದಲ್ಲ. ಜಾತ್ರೆಯ ರಾತ್ರಿ ಗೀಗೀ ಮೇಳಗಳು ಎದುರುಬದುರು ನಿಂತಾಗ ಹರದೇಸಿಯವರು ಶಿವನ ಪಕ್ಷ ಹಿಡಿದು ಗಂಡು ಮೇಲು ಅನ್ನುತ್ತಾರೆ, ನಾಗೇಸಿಯವರು ಶಕ್ತಿಯ ಪಕ್ಷ ಹಿಡಿದು ಹೆಣ್ಣು ಮೇಲು ಅನ್ನುತ್ತಾರೆ. ಡಪ್ಪು, ತುಂತುಣಿ, ತಾಳದ ಜೊತೆ ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಮೇಳ ಕತೆಯೊಂದನ್ನು ಎತ್ತಿಯೇ ಜವಾಬು ಕೊಡಬೇಕು. ಬರೀ ‘ನಮ್ಮ ಪಕ್ಷವೇ ಮೇಲು’ ಎಂದು ಹತ್ತು ಸಲ ಹಾಡಿದರೆ ಜನ ಎದ್ದು ಹೋಗುತ್ತಾರೆ. ಇದೇ ಧಾಟಿಯಲ್ಲಿ ರಾಮದುರ್ಗ ತಾಲ್ಲೂಕಿನ ಹುಲಕುಂದದ ಕವಿಗಳು ಸ್ವಾತಂತ್ರ್ಯ ಚಳವಳಿಯ ಪದ ಕಟ್ಟಿದರು. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ನಿಂತ ಹಲಗಲಿಯ ಬೇಡರ ಸಂಗತಿ ಸರಕಾರಿ ದಫ್ತರದಲ್ಲೂ ಇತ್ತು, ಲಾವಣಿಯಲ್ಲೂ ಇತ್ತು. ಜನರ ಬಾಯಲ್ಲಿ ಉಳಿದದ್ದು ಲಾವಣಿ. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಬರೆದಿಟ್ಟ ಮೇಲೆ ಶಾಲೆಯ ಪಠ್ಯಕ್ಕೂ ಬಂತು.

ಉಪ್ಪಿನ ಸತ್ಯಾಗ್ರಹ ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚೆ ಇದ್ದದ್ದು ಪಟ್ಟಿ ಎಂಬುದು ಅಷ್ಟಾಗಿ ಗೊತ್ತಿಲ್ಲ. 1930ರ ಜನವರಿ ಕೊನೆಯಲ್ಲಿ ಗಾಂಧೀಜಿ ವೈಸ್‌ರಾಯ್ ಅವರ ಮುಂದೆ 11 ಬೇಡಿಕೆ ಇಟ್ಟರು. ರೂಪಾಯಿಯ ವಿನಿಮಯ ದರ ಇಳಿಸಬೇಕು, ಭೂಕಂದಾಯ ಅರ್ಧಕ್ಕೆ ಇಳಿಯಬೇಕು, ಸೈನ್ಯದ ಖರ್ಚು ತಗ್ಗಬೇಕು, ಕರಾವಳಿಯ ಹಡಗು ಸಾಗಾಟ ಭಾರತೀಯರಿಗೆ ಮೀಸಲಾಗಬೇಕು, ಹೀಗೆ. ಒಂದೊಂದೂ ನ್ಯಾಯವಾದದ್ದೇ. ಆದರೆ ವಿನಿಮಯ ದರಕ್ಕಾಗಿ ಯಾವ ಊರಿನ ಜನ ಬೀದಿಗೆ ಇಳಿಯುತ್ತಾರೆ? ಹನ್ನೊಂದರಲ್ಲಿ ಒಂದನ್ನು, ಉಪ್ಪಿನ ತೆರಿಗೆಯನ್ನು, ಆರಿಸಿ ಅದಕ್ಕೊಂದು ನಡಿಗೆ ಕೊಟ್ಟರು. ಮಾರ್ಚ್ 12ರಿಂದ ಏಪ್ರಿಲ್ 6ರವರೆಗೆ, ಸುಮಾರು 385 ಕಿಲೋಮೀಟರು. ಹೊರಡುವ ಜಾಗ ಇತ್ತು, ದಿನದಿನದ ನಿಲ್ದಾಣ ಇತ್ತು, ಮುಂದೇನಾಗುತ್ತದೋ ಎಂಬ ಕುತೂಹಲ ಇತ್ತು, ಕೊನೆಯಲ್ಲಿ ಒಂದು ಹಿಡಿ ಉಪ್ಪು ಇತ್ತು. ಆ ಉಪ್ಪು ಪ್ರತಿ ಮನೆಯ ಅಡುಗೆಮನೆಯಲ್ಲೂ ಇದ್ದದ್ದರಿಂದ ಯಾರೂ ಬಂದು ವಿವರಿಸಬೇಕಾಗಲಿಲ್ಲ.

ಈಗ ಸಣ್ಣ, ದಿನನಿತ್ಯದ ಉದಾಹರಣೆ ತೆಗೆದುಕೊಳ್ಳೋಣ. ಫಸಲ್ ಬಿಮಾ ಮಾಡಿಸಿದ ರೈತನ ಹೊಲಕ್ಕೆ ನೀರು ನುಗ್ಗಿ ಬೆಳೆ ಹೋದರೆ 72 ಗಂಟೆಯೊಳಗೆ ತಿಳಿಸಬೇಕು. ಇಲಾಖೆಯ ಪ್ರಕಟಣೆ ಹೀಗಿರುತ್ತದೆ: ‘ಸ್ಥಳೀಯ ಪ್ರಕೃತಿ ವಿಕೋಪದಿಂದ ವಿಮೆ ಮಾಡಿಸಿದ ಬೆಳೆಗೆ ಹಾನಿಯಾದಲ್ಲಿ ಸಂಬಂಧಪಟ್ಟವರಿಗೆ 72 ಗಂಟೆಯೊಳಗಾಗಿ ಮಾಹಿತಿ ನೀಡತಕ್ಕದ್ದು.’ ತಪ್ಪು ಒಂದೂ ಇಲ್ಲ, ಕೇಳಿದವನ ತಲೆಯಲ್ಲಿ ಉಳಿಯುವುದೂ ಇಲ್ಲ. ‘ಡೋಣಿ ಹರಿದರೆ ಓಣೆಲ್ಲ ಕಾಳು’ ಎನ್ನುವ ವಿಜಯಪುರ ಸೀಮೆಯಲ್ಲಿ ಅದೇ ಡೋಣಿ ನದಿ ಉಕ್ಕಿ ಬೆಳೆ ನುಂಗುವುದೂ ಉಂಟು. ಅಲ್ಲಿಗೆ ಮೂವತ್ತು ಸೆಕೆಂಡಿನ ಬಾನುಲಿ ತುಣುಕು ಬರೆಯುವುದಾದರೆ:

‘ಸೋಮಾರ ಸಂಜಿ ಆರಕ್ಕ ಡೋಣಿ ಹೊಲದಾಗ ಹೊಕ್ತು. ತೊಗರಿ ಮುಳುಗ್ತು. “ತಲಾಟಿ ಬರ್ಲಿ, ನೋಡೂಣು” ಅಂದ್ರು ಮಾವ. ಸೊಸಿ ತಡೀಲಿಲ್ಲ. ಒಂದು ನಾಕು ನಾಕು ನಾಕು ಏಳಕ್ಕ ಫೋನ್ ಹಚ್ಚಿ ಹೊಲದ ಸರ್ವೆ ನಂಬರ್ ಹೇಳಿದ್ಲು. ಬಾಜೂ ಹೊಲದವ್ರು ಶುಕ್ರಾರ ಹಚ್ಚಿದ್ರು. ಗುರುವಾರ ಸಂಜಿ ಆರಕ್ಕ ಗಡುವು ಮುಗದಿತ್ತು. ಬೆಳಿ ಹೋದ ಮೂರು ದಿನದಾಗ ಹೇಳ್ರಿ. ಒಂದು ನಾಕು ನಾಕು ನಾಕು ಏಳು.’

ಸುಮಾರು 45 ಪದ. ಮೂವತ್ತು ಸೆಕೆಂಡಿಗೆ 50 ದಾಟಿದರೆ ಓದುವವರು ಓಡಬೇಕಾಗುತ್ತದೆ, ಕೇಳುವವರು ಹಿಂದೆ ಬೀಳುತ್ತಾರೆ. ಇಲ್ಲಿ ಗಮನಿಸಬೇಕಾದ್ದು 72 ಎಂಬ ಅಂಕಿ ಮಾಯವಾಗಿ ಸೋಮವಾರ ಸಂಜೆಯಿಂದ ಗುರುವಾರ ಸಂಜೆಯಾಗಿರುವುದು. ಗಂಟೆಯನ್ನು ದಿನಕ್ಕೆ ತಿರುಗಿಸುವ ಲೆಕ್ಕವನ್ನು ಬೆಳೆ ಕಳೆದುಕೊಂಡು ಕುಳಿತವನ ತಲೆಗೆ ಬಿಡದೆ ಬರೆಯುವವನೇ ಮಾಡಿಟ್ಟಿದ್ದಾನೆ. ಫೋನ್ ಸಂಖ್ಯೆ ಎರಡು ಸಲ ಬಂದಿದೆ, ಎರಡನೆಯದು ಕಟ್ಟಕಡೆಗೆ, ಏಕೆಂದರೆ ಮೊದಲ ಸಲ ಬಂದಾಗ ಅದು ಬೇಕೆಂದು ಯಾರಿಗೂ ಅನಿಸಿರುವುದಿಲ್ಲ.

ಇಂಥ ತುಣುಕುಗಳು ಕೆಡುವುದು ನಾಲ್ಕಾರು ಗೊತ್ತಿರುವ ಜಾಗದಲ್ಲೇ. ಮೊದಲನೆಯದು ಇಬ್ಬರು ನಾಯಕರು. ಸೊಸೆಯ ಜೊತೆಗೆ ಬುದ್ಧಿ ಹೇಳುವ ಕೃಷಿ ಅಧಿಕಾರಿಯನ್ನೂ ತಂದರೆ ಇಲಾಖೆಗೆ ಖುಷಿ, ಕೇಳುಗನಿಗೆ ಯಾರ ಹಿಂದೆ ಹೋಗಬೇಕೆಂದು ತಿಳಿಯದು. ಎರಡನೆಯದು ಬಾಜೂ ಹೊಲದವನನ್ನು ದಡ್ಡನನ್ನಾಗಿ ಮಾಡುವುದು. ಕೇಳುವವರಲ್ಲಿ ಅರ್ಧ ಜನ ಆ ಬಾಜೂ ಹೊಲದವರೇ, ನಕ್ಕರೆ ಸಿಟ್ಟಾಗುತ್ತಾರೆ. ಮೂರನೆಯದು ಭಾಷೆ. ಬೆಂಗಳೂರಿನಲ್ಲಿ ಬರೆಸಿದ್ದನ್ನು ತಂದು ಮುಧೋಳದಲ್ಲಿ ಬಿಟ್ಟರೆ ‘ನಮ್ಮಪ್ಪಾಜಿ ಹೇಳ್ತಿದ್ರು’ ಎಂಬ ಮೊದಲ ಸಾಲಿಗೇ ಅದು ಪರಊರಿನ ಮಾತಾಗುತ್ತದೆ. ಇನ್ನು ಅಳುವಿನಲ್ಲಿ ಮುಗಿಸುವ ಚಟ. ಕಣ್ಣೀರು ತರಿಸಿ, ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು, ಯಾವ ದಿನದೊಳಗೆ ಎಂಬುದನ್ನು ಬಿಟ್ಟರೆ ಅದು ನಾಟಕವಾದೀತು, ಪ್ರಚಾರವಾಗದು.

ಮೈಕು ಕಟ್ಟಿದ ಆಟೊಗೆ ಬರೆಯುವ ಕತೆಯ ಅಳತೆ ಇನ್ನೂ ಚಿಕ್ಕದು. ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಆಟೊ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ಓಣಿಯಲ್ಲಿ ಮಾತು ಬಿಡಿಬಿಡಿಯಾಗಿ ಕೇಳುವುದು ಬಾಗಿಲಿನ ಆಚೆಗೆ 40 ಮೀಟರು, ಈಚೆಗೆ 40 ಮೀಟರು ಎಂದುಕೊಂಡರೂ ಒಂದು ಮನೆಯವರಿಗೆ ಸಿಗುವುದು ಇಪ್ಪತ್ತು ಸೆಕೆಂಡು ಮಾತ್ರ. ಅದೂ ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೋ ಹೇಳಲಾಗದು. ಆದ್ದರಿಂದ ಆಟೊದ ಕತೆಯನ್ನು ಯಾವ ಸಾಲಿನಿಂದ ಕೇಳಿದರೂ ತಿಳಿಯುವಂತೆ ಕಟ್ಟಬೇಕು, ಹೆಸರು ಮತ್ತು ದಿನಾಂಕ ಎಂಟು ಸೆಕೆಂಡಿಗೊಮ್ಮೆ ಮರಳಬೇಕು. ಚುನಾವಣೆಯಲ್ಲಿ ಎರಡು ನಿಮಿಷದ ವೀರಗಾಥೆ ಹಾಕಿ ಓಡಿಸುವ ಆಟೊಗಳದು ಬರೀ ಪೆಟ್ರೋಲ್ ಖರ್ಚು.

ಮಾರಾಟಕ್ಕೆ ಬರೋಣ. ಇಳಕಲ್ ಸೀರೆಯ ಕೈಮಗ್ಗದವರು ಬೆಲೆಯಲ್ಲಿ ಪವರ್‌ಲೂಮ್ ಜೊತೆ ಹೋರಾಡಲಾರರು. ಬೆಲೆ ಚೀಟಿ ಮಾತ್ರ ನೋಡಿದರೆ ಕೊಳ್ಳುವವರು ಅಗ್ಗದ್ದನ್ನೇ ಎತ್ತುತ್ತಾರೆ, ಅದು ಅವರ ತಪ್ಪೂ ಅಲ್ಲ. ಸೀರೆ ಹುಟ್ಟಿದ ಬಗೆಯನ್ನು ಹೇಳಿದಾಗಷ್ಟೇ ಬೆಲೆಗೆ ಅರ್ಥ ಬರುತ್ತದೆ. ಮೈಯ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು, ಬೇರೆ; ಸೆರಗಿನ ಹಾಸು ಬೇರೆ. ಸೆರಗು ಬರುವ ಕಡೆ ಎರಡು ಹಾಸುಗಳ ಎಳೆಗಳನ್ನು ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸುತ್ತಾರೆ, ಅದೇ ಕೊಂಡಿ. ಕೈಯಲ್ಲೇ ಆಗಬೇಕಾದ, ಹೊತ್ತು ಹಿಡಿಯುವ ಕೆಲಸ. ನಕಲಿನಲ್ಲಿ ಸಾಮಾನ್ಯವಾಗಿ ಮೈಯ ಹಾಸೇ ಸೆರಗಿನ ತುದಿಯವರೆಗೂ ಓಡಿರುತ್ತದೆ. ಇಷ್ಟು ಕೇಳಿದ ಹೆಣ್ಣುಮಗಳು ಅಂಗಡಿಯಲ್ಲಿ ಸೀರೆಯನ್ನು ಹಿಮ್ಮುಖ ಮಾಡಿ ಸೆರಗು ಕೂಡುವ ಜಾಗಕ್ಕೆ ಬೆರಳಿಡುತ್ತಾಳೆ. ಒಳ್ಳೆಯ ಕತೆಯ ಗುರುತು ಇದೇ ಎನ್ನುತ್ತೇನೆ: ಅದು ಕೇಳಿದವರ ಕೈಗೆ ಒಂದು ಪರೀಕ್ಷೆ ಕೊಟ್ಟಿರುತ್ತದೆ. ಕೊಂಡಿಯೂ ಹಾಗೇ, ಉಪ್ಪೂ ಹಾಗೇ, ಗುರುವಾರ ಸಂಜೆಯೂ ಹಾಗೇ.

ಕತೆ ಬೇಡ, ಸತ್ಯಾಂಶ ಮಾತ್ರ ಸಾಕು ಎನ್ನುವವರು 1994ರಲ್ಲಿ ಜಾನ್ಸನ್ ಮತ್ತು ಸೀಫರ್ಟ್ ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಗೋದಾಮಿಗೆ ಬೆಂಕಿ ಬಿದ್ದ ವರದಿಯನ್ನು ಓದುಗರಿಗೆ ತುಣುಕು ತುಣುಕಾಗಿ ಕೊಟ್ಟರು. ಒಳಕೋಣೆಯಲ್ಲಿ ಬಣ್ಣದ ಡಬ್ಬಿ, ಗ್ಯಾಸ್ ಸಿಲಿಂಡರ್ ಇದ್ದವು ಎಂದು ಮೊದಲು ಹೇಳಿ, ಮುಂದೆ ಆ ಕೋಣೆ ಖಾಲಿ ಇತ್ತು ಎಂದು ತಿದ್ದಿದರು. ತಿದ್ದುಪಡಿ ಓದಿ ನೆನಪಿಟ್ಟುಕೊಂಡವರೂ ಅಷ್ಟು ಹೊಗೆ ಯಾಕೆ ಬಂತೆಂದು ಕೇಳಿದಾಗ ಬಣ್ಣದ ಡಬ್ಬಿಯತ್ತಲೇ ಹೋದರು. ಬೇರೆ ಕಾರಣವೊಂದನ್ನು, ಬೆಂಕಿ ಹಚ್ಚಿದ್ದಕ್ಕೆ ಗುರುತು ಸಿಕ್ಕಿದೆ ಎಂಬುದನ್ನು, ಕೊಟ್ಟಾಗ ಮಾತ್ರ ಹಳೆಯ ನಂಬಿಕೆಯ ಹಿಡಿತ ಸಡಿಲವಾಯಿತು. ‘ಅದು ಸುಳ್ಳು’ ಎಂದರೆ ತಲೆಯಲ್ಲಿ ತೂತು ಬೀಳುತ್ತದೆ, ತುಂಬಲು ಏನೂ ಕೊಡದಿದ್ದರೆ ಹಳೆಯದೇ ಮರಳಿ ಬಂದು ಕೂರುತ್ತದೆ.

ಪೋಲಿಯೊ ಹನಿಯಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಕಂಡಿತು. ಹನಿ ಹಾಕಿಸಿದ ಮಕ್ಕಳಿಗೆ ಮುಂದೆ ಸಂತಾನವಾಗದು ಎಂಬ ವದಂತಿ ಉತ್ತರ ಪ್ರದೇಶದ ಹಲವು ಕಡೆ ಬಾಗಿಲು ಮುಚ್ಚಿಸಿತ್ತು. ಲಸಿಕೆಯ ಸುರಕ್ಷತೆಯ ಅಂಕಿ ಹಿಡಿದು ಹೋದ ಹೊರಗಿನವರನ್ನು ಯಾರೂ ನಂಬಲಿಲ್ಲ. ಅದೇ ಓಣಿಯ ಹೆಣ್ಣುಮಕ್ಕಳು, ತಮ್ಮ ಮಕ್ಕಳಿಗೆ ಹನಿ ಹಾಕಿಸಿದವರು, ಮನೆ ಮನೆಗೆ ಹೋಗಿ ಮಾತಾಡಿದ ಮೇಲೆ, ಮಸೀದಿಗಳಿಂದಲೂ ಕರೆ ಬಂದ ಮೇಲೆ ಬಾಗಿಲು ತೆರೆದವು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು.

ಸುಳ್ಳು ಕತೆಗಳಿಲ್ಲವೇ ಎಂದರೆ ಇವೆ, ಬೇಕಾದಷ್ಟು. ಸುಳ್ಳು ಅಂಕಿಯೂ ಅಷ್ಟೇ ಇದೆ. ‘ಶೇ. 70ರ ರಿಯಾಯಿತಿ’ ಎಂದು ಬಸ್ಸಿನಷ್ಟು ದೊಡ್ಡದಾಗಿ ಬರೆದು ‘ವರೆಗೆ’ ಎಂಬುದನ್ನು ಇರುವೆಯಷ್ಟು ಮಾಡುವವರು ಕತೆ ಹೇಳುತ್ತಿಲ್ಲ. ಸುಳ್ಳಿಗೆ ಶಿಕ್ಷೆಯಾಗಲಿ. ಕತೆಯನ್ನೇ ಕೈಬಿಡಿ ಎಂದರೆ ಪ್ರಾಮಾಣಿಕರು ಮಾತ್ರ ಆ ಮಾತು ಕೇಳಿ ಸುಮ್ಮನಾಗುತ್ತಾರೆ.

ವಿರೋಧ: ಕತೆಗೆ ಛೇದವಿಲ್ಲ

ಹರದೇಸಿ ಮೇಳದ ಎದುರು ನಾಗೇಸಿ ಮೇಳ ನಿಂತಿರುತ್ತದೆ. ಒಬ್ಬರು ಕತೆ ತಿರುಚಿದರೆ ಮುಂದಿನ ಪದದಲ್ಲೇ ಇನ್ನೊಬ್ಬರು ಹಿಡಿಯುತ್ತಾರೆ, ಕೂತು ಕೇಳುವವರಿಗೂ ಪುರಾಣ ಗೊತ್ತು. ಟಿವಿಯ ಮೂವತ್ತು ಸೆಕೆಂಡಿಗೆ, ಫೋನಿಗೆ ಬರುವ ವಿಡಿಯೊಗೆ, ಪ್ರಚಾರದ ಆಟೊಗೆ ಎದುರು ಮೇಳ ಎಲ್ಲಿದೆ? ಪರ ವಾದದವರು ಹೆಮ್ಮೆಯಿಂದ ಎತ್ತಿದ ಉದಾಹರಣೆ ಅವರಿಗೇ ಎದುರಾಗಿ ನಿಲ್ಲುತ್ತದೆ. ಕೊಂಡಿ, ಉಪ್ಪು, ಗುರುವಾರ ಸಂಜೆ, ಮೂರನ್ನೂ ಕೇಳಿದವರು ಪರೀಕ್ಷಿಸಬಹುದು ನಿಜ. ಆದರೆ ಅವು ಆರಿಸಿ ತೆಗೆದ ಮೂರು. ದುಡ್ಡು ಕೊಟ್ಟು ಹೇಳಿಸುವ ಕತೆಗಳಲ್ಲಿ ಎಷ್ಟರಲ್ಲಿ ಬೆರಳಿಟ್ಟು ನೋಡುವ ಜಾಗ ಇರುತ್ತದೆ?

ತಕರಾರು ಸುಳ್ಳಿನ ಬಗ್ಗೆ ಅಲ್ಲ. ಸುಳ್ಳಿಗೆ ಕಾನೂನಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಅದರಲ್ಲಿ ಕಾಣಿಸಿಕೊಂಡ ತಾರೆಯನ್ನು ಒಂದು ವರ್ಷ ಜಾಹೀರಾತಿನಿಂದ ದೂರ ಇಡಬಹುದು. ಚುನಾವಣೆಯಲ್ಲಿ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇಲ್ಲದಿದ್ದರೆ ಜನಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆಯಾಗಬಹುದು. ಅಭ್ಯರ್ಥಿಯ ನಡತೆಯ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳಿದರೆ 123(4) ಇದೆ. ಇವೆಲ್ಲ ಹಿಡಿಯುವುದು ಹೇಳಿಕೆಯನ್ನು. ‘ಈ ಕ್ರೀಮು ಹಚ್ಚಿದರೆ ಕೆಲಸ ಸಿಗುತ್ತದೆ’ ಎಂದು ಬರೆದರೆ ಕಂಪನಿ ಪುರಾವೆ ಕೊಡಬೇಕು. ಕಪ್ಪಗಿದ್ದ ಹುಡುಗಿ ಮಂಕಾಗಿ ಕೂತಳು, ಕ್ರೀಮು ಹಚ್ಚಿದಳು, ಬೆಳ್ಳಗಾದಳು, ಕೆಲಸ ಸಿಕ್ಕಿತು ಎಂದು ತೋರಿಸಿದರೆ ಅಲ್ಲಿ ಹೇಳಿಕೆಯೇ ಇಲ್ಲ, ನಾಲ್ಕು ಘಟನೆ ಒಂದರ ಹಿಂದೊಂದು ಬಂದಿವೆ ಅಷ್ಟೇ. ನಡುವಿನ ‘ಆದ್ದರಿಂದ’ವನ್ನು ನೋಡಿದವರೇ ಹಾಕಿಕೊಂಡಿದ್ದಾರೆ. ಫೇರ್ ಅಂಡ್ ಲವ್ಲಿಯಂಥ ಕ್ರೀಮುಗಳು ವರ್ಷಗಟ್ಟಲೆ ಇದೇ ಕತೆ ನಡೆಸಿದವು. ಕಪ್ಪು ಬಣ್ಣದವರನ್ನು ಕೀಳಾಗಿ, ಸೋತವರಾಗಿ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ ನಿಯಮ ಮಾಡಿದ್ದು 2014ರಲ್ಲಿ. ಫೇರ್ ಎಂಬ ಪದ ಹೆಸರಿನಿಂದ ಹೋದದ್ದು 2020ರಲ್ಲಿ.

ಮದ್ದಿನ ಜಾಹೀರಾತಿನಲ್ಲಿ ಈ ಆಟ ಜೀವಕ್ಕೇ ಬರುತ್ತದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಸೇರಿ 54 ಕಾಯಿಲೆಗಳನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ‘ವಾಸಿ’ ಎಂಬ ಮಾತು ತೆಗೆದು ನಿವೃತ್ತ ಮಾಸ್ತರರೊಬ್ಬರನ್ನು ಕೂರಿಸುತ್ತಾರೆ. ‘ಮುನ್ನೂರು ಇತ್ತರಿ ಸಕ್ಕರಿ. ಈ ಪುಡಿ ತಗೊಂಡ ಮ್ಯಾಲೆ ನೂರಾ ನಲವತ್ತಕ್ಕ ಬಂತು.’ ಮಾಸ್ತರರು ಸುಳ್ಳು ಹೇಳುತ್ತಿಲ್ಲ ಎಂದೇ ಇಟ್ಟುಕೊಳ್ಳಿ. ಮನುಷ್ಯ ಹೊಸ ಮದ್ದಿಗೆ ಓಡುವುದು ಸಕ್ಕರೆ ಏರಿ ಕೂತ ದಿನ. ಏರಿದ್ದು ಮದ್ದಿಲ್ಲದೆಯೂ ಒಂದಿಷ್ಟು ಇಳಿಯುವುದುಂಟು. ಪುಡಿ ಶುರು ಮಾಡಿದ ವಾರವೇ ಅವರು ಚಹಾಕ್ಕೆ ಸಕ್ಕರೆ ಬಿಟ್ಟಿದ್ದಾರೆ, ಬೆಳಿಗ್ಗೆ ನಡೆಯುತ್ತಿದ್ದಾರೆ, ಡಾಕ್ಟರು ಕೊಟ್ಟ ಗುಳಿಗೆಯನ್ನೂ ನಿಲ್ಲಿಸಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಷ್ಟಿತ್ತು, ಎಷ್ಟಾಯಿತು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಕತೆಯಲ್ಲಿ ಹಿಡಿಸುವುದಿಲ್ಲ. ಕೇಳಿದವನು ಗುಳಿಗೆ ಬಿಟ್ಟು ಪುಡಿ ಹಿಡಿದರೆ ಹೋಗುವುದು ಅವನ ಕಣ್ಣು, ಅವನ ಕಿಡ್ನಿ.

ಕತೆಯ ಜೊತೆ ಅಂಕಿಯನ್ನೂ ಸೇರಿಸಿದರೆ ಆಯಿತಲ್ಲ ಎಂಬ ರಾಜಿ ಸೂತ್ರವೊಂದಿದೆ. ಅದೂ ಅಷ್ಟು ಸಲೀಸಲ್ಲ. 2007ರಲ್ಲಿ ಸ್ಮಾಲ್, ಲೋವೆನ್‌ಸ್ಟೈನ್, ಸ್ಲೋವಿಕ್ ಪ್ರಕಟಿಸಿದ ಪ್ರಯೋಗದಲ್ಲಿ ಭಾಗವಹಿಸಿದವರ ಕೈಗೆ 5 ಡಾಲರ್ ಕೊಟ್ಟು, ಅದರಲ್ಲಿ ಆಫ್ರಿಕಾದ ಹಸಿವಿಗೆ ಎಷ್ಟು ಕೊಡುತ್ತೀರೆಂದು ಕೇಳಿದರು. ಮಾಲಿ ದೇಶದ ಏಳು ವರ್ಷದ ಹುಡುಗಿಯೊಬ್ಬಳ ಕತೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ಓದಿದವರು 1.14. ಹುಡುಗಿಯ ಕತೆಯೂ ಅಂಕಿಯೂ ಎರಡೂ ಸಿಕ್ಕವರು 1.43. ಅಂಕಿ ಬಂದೊಡನೆ ಕರುಣೆ ಇಳಿಯಿತು. ಇದನ್ನು ಜಾಹೀರಾತಿನವರು ನಮಗಿಂತ ಚೆನ್ನಾಗಿ ಬಲ್ಲರು. ಆದ್ದರಿಂದ ಅಂಕಿ ಎಲ್ಲಿ ಬೇಕೋ ಅಲ್ಲಿಂದಲೇ ಅದನ್ನು ತೆಗೆಯುತ್ತಾರೆ. ಓದುತ್ತ ಓದುತ್ತ ಮುಳುಗಿಹೋದವರು ಕತೆಯ ಅಪಸ್ವರಗಳನ್ನು ಕಡಿಮೆ ಗುರುತಿಸುತ್ತಾರೆ ಎಂದು ಗ್ರೀನ್ ಮತ್ತು ಬ್ರಾಕ್ 2000ರಲ್ಲಿ ತೋರಿಸಿದರು. ಇದು ಕಟ್ಟುಕತೆ ಎಂದು ಮೊದಲೇ ಹೇಳಿದ್ದರೂ, ನಿಜ ಸಂಗತಿ ಎಂದು ಹೇಳಿದ್ದರೂ ಪರಿಣಾಮ ಹೆಚ್ಚುಕಡಿಮೆ ಒಂದೇ ಆಗಿತ್ತು. ಪರದೆಯ ಮೂಲೆಯಲ್ಲಿ ‘ಇದು ಕಾಲ್ಪನಿಕ’ ಎಂದು ಬರೆಯುವ ನಿಯಮದಿಂದ ನಾವು ಎಷ್ಟು ನಿರೀಕ್ಷಿಸಬಹುದು ಎಂಬುದು ಇದರಿಂದ ತಿಳಿಯುತ್ತದೆ.

ಪತ್ರಿಕೆಗಳೂ ಇದರಿಂದ ಹೊರತಲ್ಲ. ಕೃಷಿ ಪುಟದ ಯಶೋಗಾಥೆ ಎಂಬ ಪ್ರಕಾರವನ್ನೇ ನೋಡಿ. ಒಬ್ಬ ರೈತ, ಒಂದು ಬೆಳೆ, ಗೊನೆ ಹಿಡಿದು ನಕ್ಕ ಫೋಟೊ, ತಲೆಬರಹದಲ್ಲಿ ‘ಎಕರೆಗೆ 6 ಲಕ್ಷ’. ವಿಜಯಪುರದ ತಿಕೋಟಾ, ಬಬಲೇಶ್ವರ ಕಡೆಯ ಒಣದ್ರಾಕ್ಷಿಯ ಕತೆ ಎಂದುಕೊಳ್ಳೋಣ. ಲೆಕ್ಕ ತಪ್ಪಿರಲಾರದು: ಎಕರೆಗೆ 12 ಟನ್ ಹಸಿ ದ್ರಾಕ್ಷಿ, ನಾಲ್ಕು ಕಿಲೋ ಹಸಿಗೆ ಒಂದು ಕಿಲೋ ಒಣದ್ರಾಕ್ಷಿಯಂತೆ 3 ಟನ್, ಕಿಲೋಗೆ 200 ರೂಪಾಯಿ ಸಿಕ್ಕರೆ 6 ಲಕ್ಷ. ಆದರೆ ಅದು ಕೈಗೆ ಬಂದ ಹಣ, ಉಳಿದ ಹಣವಲ್ಲ. ಬಳ್ಳಿ ಸವರುವ ಚಾಟ್ನಿಗೆ, ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಸಲ ಆಳು ಹಚ್ಚಬೇಕು, ಬೆಳೆ ಬರುವುದು ಒಂದೇ. ಡಾಗ್‌ರಿಜ್ ಬೇರುಗಿಡ ನೆಟ್ಟು, ಅದಕ್ಕೆ ಕಸಿ ಕಟ್ಟಿ, ಕಂಬ ತಂತಿ ಎಳೆದು ಮೊದಲ ಬೆಳೆ ಕಾಣಲು ಸುಮಾರು ಎರಡು ವರ್ಷ. ಅಲ್ಲಿಯವರೆಗೂ ಬಡ್ಡಿ ಓಡುತ್ತಿರುತ್ತದೆ. ಅಕ್ಟೋಬರ್ ಚಾಟ್ನಿಯ ಬೆನ್ನಿಗೆ ಮಳೆ ಹಿಡಿದರೆ ಡೌನಿ ಎಂಬ ಬೂಜು ರೋಗ ಬರುತ್ತದೆ, ಔಷಧಿ ಸಿಂಪಡಣೆ ಏರುತ್ತದೆ. ಶೆಡ್ಡಿನಲ್ಲಿ ಹಣ್ಣು ಒಣಗುವ ಹದಿನೈದು ಇಪ್ಪತ್ತು ದಿನಗಳಲ್ಲಿ ಮೋಡ ಕವಿದರೆ ಬಣ್ಣ ಕಪ್ಪಾಗಿ ದರ ಬೀಳುತ್ತದೆ. ಕಿಲೋಗೆ 200 ಇದ್ದದ್ದು 100ಕ್ಕೆ ಬಂದರೆ 6 ಲಕ್ಷ 3 ಲಕ್ಷವಾಗುತ್ತದೆ, ಖರ್ಚಿನಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಯಶೋಗಾಥೆ ಬರೆಯಲು ಹೋಗುವವರು ಗೆದ್ದ ತೋಟಕ್ಕೇ ಹೋಗುತ್ತಾರೆ. ಅದೇ ವರ್ಷ ಅದೇ ಊರಿನಲ್ಲಿ ದ್ರಾಕ್ಷಿ ಹಚ್ಚಿದವರು ಎಷ್ಟು ಜನ, ಕಿತ್ತವರು ಎಷ್ಟು, ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರು ತಂದವರು ಎಷ್ಟು? ಭಿನ್ನರಾಶಿಯಲ್ಲಿ ಮೇಲಿನ ಅಂಶ ಒಂದು ಎಂಬುದಷ್ಟೇ ಓದುಗನಿಗೆ ಸಿಗುತ್ತದೆ, ಕೆಳಗಿನ ಛೇದ ಸಿಗುವುದಿಲ್ಲ. ಬಾಗಲಕೋಟೆ, ವಿಜಯಪುರದಲ್ಲಿ ದಾಳಿಂಬೆ ಹಬ್ಬಿದ್ದರ ಹಿಂದೆ ಇಂಥ ಬಾಯಿಂದ ಬಾಯಿಗೆ ಹೋದ ಗೆಲುವುಗಳ ಪಾಲೂ ಇತ್ತು. 2000ರ ದಶಕದಲ್ಲಿ ದುಂಡಾಣು ಅಂಗಮಾರಿ ತೋಟಕ್ಕೆ ತೋಟವನ್ನೇ ಕೆಡವಿತು. ಒಂದೇ ಬೆಳೆ ಒತ್ತೊತ್ತಾಗಿ ಇದ್ದ ಕಡೆ, ರೋಗವಿದ್ದ ತೋಟದಿಂದ ಸಸಿ ತಂದ ಕಡೆ, ಅದೇ ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹಿಡಿದ ಕಡೆ ರೋಗ ಬೇಗ ಓಡಿತು. ಕಿತ್ತುಹಾಕಿದ ದಾಳಿಂಬೆ ತೋಟದ ಮುಂದೆ ನಿಂತು ಫೋಟೊ ತೆಗೆಸಿಕೊಂಡ ರೈತ ಯಾವ ವಿಶೇಷ ಪುಟದಲ್ಲೂ ಅಷ್ಟಾಗಿ ಕಾಣುವುದಿಲ್ಲ. ಈಮು ಸಾಕಣೆಯೂ ಕತೆಯ ಬಲದಿಂದಲೇ ಊರೂರಿಗೆ ಬಂತು. 2012ರಲ್ಲಿ ತಮಿಳುನಾಡಿನ ಪೆರುಂದುರೈ ಕಡೆಯ ಕಂಪನಿ ಕುಸಿದಾಗ ಹಕ್ಕಿಗೆ ಮೇವು ಹಾಕುವವರೂ ಇರಲಿಲ್ಲ.

ರಾಜಕೀಯದಲ್ಲಿ ಎರಡೂ ಕಡೆಯವರು ಸಮಾನ ತಪ್ಪಿತಸ್ಥರು. ಬೆಳಗಾವಿ ಜಿಲ್ಲೆಯ ಹಿರಿಯ ಮಹಿಳೆಯೊಬ್ಬರು ಗೃಹಲಕ್ಷ್ಮಿಯ ಹಣ ಕೂಡಿಸಿ ಊರಿಗೆ ಹೋಳಿಗೆ ಊಟ ಹಾಕಿಸಿದ ಸುದ್ದಿ 2024ರಲ್ಲಿ ರಾಜ್ಯವೆಲ್ಲ ಓಡಾಡಿತು. ಸುದ್ದಿ ನಿಜ, ಅಜ್ಜಿಯ ಮನಸ್ಸು ದೊಡ್ಡದು. ಆಡಳಿತದವರು ಅದನ್ನು ಯೋಜನೆಯ ಗೆಲುವೆಂದರು. ಎದುರಿನವರು ಕಂತು ಬಾರದೆ ಕುಳಿತ ಮನೆಯೊಂದನ್ನು ಹುಡುಕಿ ಸೋಲೆಂದು ತೋರಿಸಬಲ್ಲರು, ಅದೂ ನಿಜವೇ ಇರುತ್ತದೆ. ತಿಂಗಳಿಗೆ 2,000 ರೂಪಾಯಿ ಯಾವ ತಿಂಗಳು ಎಷ್ಟು ಖಾತೆಗೆ ಬಿತ್ತು, ಎಷ್ಟು ಖಾತೆಗೆ ಆಧಾರ್ ಜೋಡಣೆಯಾಗದೆ ನಿಂತಿತು, ಬಜೆಟ್ಟಿನ ಯಾವ ಬಾಬ್ತಿನಿಂದ ಬಂತು ಎಂಬ ಮೂರು ಪ್ರಶ್ನೆಗೆ ಆ ಎರಡು ಮನೆಗಳಲ್ಲಿ ಉತ್ತರವಿಲ್ಲ. ಮತ ಹಾಕುವವನಿಗೆ ಬೇಕಾದದ್ದು ಅವೇ ಮೂರು.

ಕತೆ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಅಮೆರಿಕದ ಉದಾಹರಣೆ ಹಳೆಯದಾದರೂ ಮರೆಯುವಂಥದ್ದಲ್ಲ. 1990ರ ಅಕ್ಟೋಬರ್ 10ರಂದು ಹದಿನೈದರ ಹುಡುಗಿಯೊಬ್ಬಳು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರ ಮುಂದೆ ಅಳುತ್ತ, ಇರಾಕಿ ಸೈನಿಕರು ಕುವೈತಿನ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ನಿಂದ ಹಸುಗೂಸುಗಳನ್ನು ತೆಗೆದು ನೆಲಕ್ಕೆ ಹಾಕಿದ್ದನ್ನು ಕಂಡೆ ಎಂದಳು. ಮರು ಜನವರಿಯಲ್ಲಿ ಸೆನೆಟ್ ಇರಾಕ್ ಮೇಲಿನ ಯುದ್ಧಕ್ಕೆ 52–47ರಲ್ಲಿ ಒಪ್ಪಿಗೆ ಕೊಟ್ಟಿತು, ಹಲವು ಸೆನೆಟರ್‌ಗಳು ಆ ಕೂಸುಗಳ ಮಾತೆತ್ತಿದ್ದರು. ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಆ ಪ್ರಚಾರವನ್ನು ನಡೆಸಿದ್ದು ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆ ಎಂಬುದು ಹೊರಬಿದ್ದದ್ದು 1992ರಲ್ಲಿ. ಆ ಸಭೆ ಕಾಂಗ್ರೆಸ್ಸಿನ ಅಧಿಕೃತ ಸಮಿತಿಯೂ ಆಗಿರಲಿಲ್ಲ, ಹುಡುಗಿ ಪ್ರಮಾಣ ಮಾಡಿ ಸಾಕ್ಷಿ ಹೇಳಿರಲೂ ಇಲ್ಲ.

ಕೊನೆಗೆ ಒಳ್ಳೆಯ ಉದ್ದೇಶದ ಕತೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿಯಿಂದ ದೇಶದ ಹಲವೆಡೆ ಗುಂಪುಗಳು ಅಮಾಯಕರನ್ನು ಕೊಂದವು. ನಮ್ಮ ರಾಜ್ಯದಲ್ಲೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜುಲೈ ತಿಂಗಳಲ್ಲಿ ಒಬ್ಬ ಯುವಕ ಹೀಗೆ ಸತ್ತ. ಆ ದಿನಗಳಲ್ಲಿ ಎಲ್ಲ ಫೋನಿಗೂ ಬರುತ್ತಿದ್ದ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ನಿಜವಾಗಿ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕಿನವರು ಮಗುವನ್ನು ಮರಳಿ ತಂದು ಬಿಡುತ್ತಾರೆ, ಫಲಕ ಹಿಡಿದು ಎಚ್ಚರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಬಿಟ್ಟರು. ಪಟ್ಟಿಯಿಂದ ಒಂದು ಸಾಲು ಹರಿದರೆ ಉಳಿದ ಸಾಲುಗಳು ಮೊದಲು ಹೇಳಿದ್ದನ್ನೇ ಹೇಳುತ್ತವೆ. ಕತೆಯ ಬಾಲ ಕತ್ತರಿಸಿದರೆ ಉಳಿದದ್ದು ತದ್ವಿರುದ್ಧ ಕತೆಯಾಗುತ್ತದೆ. ಅದೇ ಜುಲೈನಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಚಾಟ್‌ಗಳಿಗೆ ಮುಂದೆ ಕಳಿಸಬಹುದೆಂಬ ಮಿತಿ ಪರೀಕ್ಷಿಸಲು ಶುರು ಮಾಡಿತು. ಕಳಿಸುವ ವೇಗ ತಗ್ಗಿಸಿದರು, ಕತ್ತರಿಸಿದ ಬಾಲವನ್ನು ಮರಳಿ ಅಂಟಿಸಲು ಅವರಿಂದಲೂ ಆಗಲಿಲ್ಲ.

ಹಾಗಾದರೆ ಲಾವಣಿ ಬೇಡವೇ, ಡೋಣಿಯ ಸೊಸೆ ಬೇಡವೇ? ಬೇಕು. ಕೇಳುವವನಿಗೇ ಲಾಭವಾಗುವ, ಹೇಳುವವನಿಗೆ ಏನೂ ಬಾರದ ಕಡೆ ಕತೆ ಧಾರಾಳವಾಗಿರಲಿ. ಹೇಳುವವನು ಮತವನ್ನೋ ಹಣವನ್ನೋ ಕೇಳುತ್ತಿದ್ದರೆ, ಅಥವಾ ಮದ್ದು ನುಂಗು ಎನ್ನುತ್ತಿದ್ದರೆ, ಅವನು ಮೊದಲು ಒಂದು ವಾಕ್ಯದ ಹೇಳಿಕೆ ಬರೆದುಕೊಡಲಿ, ಕತೆ ಆಮೇಲೆ. ಆ ವಾಕ್ಯದಲ್ಲಿ ಎಷ್ಟು ಜನರಲ್ಲಿ ಎಷ್ಟು ಜನರಿಗೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಖರ್ಚು ಯಾರದು ಎಂಬುದಿರಲಿ, ಕತೆ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ. ಜಾಹೀರಾತಿನ ಷರಾ ಹೇಳಿಕೆಯ ಭಾಷೆಯಲ್ಲೇ ಇರಬೇಕೆಂದು 2022ರ ಮಾರ್ಗಸೂಚಿ ಈಗಾಗಲೇ ಹೇಳುತ್ತದೆ, ಆದರೂ ಕನ್ನಡದ ಎಷ್ಟೋ ಜಾಹೀರಾತುಗಳ ಕೆಳಗೆ ಇಂಗ್ಲಿಷ್ ಇರುವೆಗಳೇ ಸಾಲುಗಟ್ಟುತ್ತವೆ. ಕೃಷಿ ಪುಟದ ಸಂಪಾದಕರು ಕಾನೂನಿಗೆ ಕಾಯಬೇಕಿಲ್ಲ. ಯಶೋಗಾಥೆಯ ಕೆಳಗೆ ಐದು ಸಾಲಿನ ಚೌಕಟ್ಟು ಸಾಕು: ಹಾಕಿದ ಬಂಡವಾಳ ಮತ್ತು ಸಾಲ, ನೀರಿನ ಮೂಲ, ಕಳೆದ ಐದು ವರ್ಷದ ದರ ವರ್ಷವಾರು, ಅದೇ ಊರಿನಲ್ಲಿ ಅದೇ ಬೆಳೆ ಹಚ್ಚಿದವರ ಮತ್ತು ಬಿಟ್ಟವರ ಸಂಖ್ಯೆ, ಕೊರೆಸಿದ ಬೋರ್‌ವೆಲ್ ಎಷ್ಟು, ಅದರಲ್ಲಿ ಒಣಗಿದ್ದು ಎಷ್ಟು. ಇಷ್ಟು ತುಂಬಿಕೊಡಲು ವರದಿಗಾರನಿಗೆ ಇನ್ನೊಂದು ದಿನ ಬೇಕಾಗುತ್ತದೆ. ಪುಟ ಒಂದು ವಾರ ತಡವಾಗಿ ಬರಲಿ.